ಗುಂಡು ಹಾರಿಸುವ ಸರ್ಕಾರದ ಮುಂದೆ ಅಹಿಂಸೆ ನಡೆಯುತ್ತದಾ?

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈಚೆಗೆ ಮಕ್ಕಳನ್ನು ಹಾವೇರಿಗೂ ಹೊಸರಿತ್ತಿಗೂ ಪ್ರವಾಸ ಕರೆದುಕೊಂಡು ಹೋಗಿದ್ದೆ. ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹದೇವಪ್ಪನವರ ಕಥೆ ಕೇಳಿದ ಮೇಲೆ ಬಸ್ಸಿನಲ್ಲಿ ಒಬ್ಬ ಹುಡುಗ, "ಟೀಚರ್, ಗಾಂಧೀಜಿ ಜೋಡಿ ದಂಡಿಗೆ ನಡೆದವರೇ ಆಮೇಲೆ ಖಜಾನೆ ಲೂಟಿಗೆ ಹೋದ್ರು. ಅಂದ್ರ ಅಹಿಂಸಾ ನಡಿಯೂದಿಲ್ಲ ಅಂತ ಅವರಿಗೂ ಗೊತ್ತಾಗಿತ್ತೇನ್ರಿ?" ಎಂದು ಕೇಳಿದ. ಇನ್ನೊಬ್ಬಳು, "ಬ್ರಿಟಿಷರು ಸ್ವಲ್ಪ ಒಳ್ಳೆಯವರಿದ್ರು, ಅದಕ್ಕ ಗೆದ್ವಿ. ಹಿಟ್ಲರ್ ಇದ್ದಿದ್ರ?" ಎಂದಳು. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಇನ್ನೊಂದು ವಿಷಯ. ನಮ್ಮ ಮನೆಯ ಮಹಡಿ ಮೇಲೆ ಹೊರದೇಶದ ಒಬ್ಬ ಹುಡುಗ ಬಾಡಿಗೆಗೆ ಇದ್ದಾನೆ, ಇಲ್ಲೇ ಓದುತ್ತಾನೆ. ಅವನ ದೇಶದಲ್ಲಿ ಸೇನೆಯದೇ ಆಡಳಿತ. ಅವನ ಗೆಳೆಯರಲ್ಲಿ ಅರ್ಧ ಜನ ಬಂದೂಕು ಹಿಡಿದು ಕಾಡಿಗೆ ಹೋಗಿದ್ದಾರಂತೆ. ಉಳಿದವರು ಮುಷ್ಕರ, ಬಹಿಷ್ಕಾರ ಅನ್ನುತ್ತಾರಂತೆ. "ನೀವು ಗಾಂಧಿ ದೇಶದವರು, ಯಾರು ಸರಿ ಹೇಳಿ" ಎಂದು ನನ್ನನ್ನು ಕೇಳುತ್ತಾನೆ. ಏನು ಹೇಳಲಿ?

ಉತ್ತರ: ಮೇಡಂ, ನೀವು ಕೇಳಿದ್ದು ಮೂರು ಪ್ರಶ್ನೆ. ಮೂರರ ಹಿಂದೆ ಇರುವ ಆತಂಕ ಮಾತ್ರ ಒಂದೇ. ಎದುರಿನವನಿಗೆ ನಾಚಿಕೆಯೂ ಇಲ್ಲ, ಕರುಣೆಯೂ ಇಲ್ಲ ಎಂದಾದರೆ ಬರಿಗೈಯಲ್ಲಿ ನಿಲ್ಲುವುದು ಸುಮ್ನೆ ಸಾಯುವುದಕ್ಕೆ ಅಲ್ವಾ? ಈ ಆತಂಕ ನ್ಯಾಯವಾದದ್ದು. ಧಾರವಾಡದಲ್ಲಿ ಬಹಳ ಕಾಲ ರಾಜ್ಯಶಾಸ್ತ್ರ ಪಾಠ ಮಾಡಿದ್ದೇನೆ, ಸತ್ಯಾಗ್ರಹದ ತರಬೇತಿ ಶಿಬಿರಗಳನ್ನೂ ನಡೆಸಿದ್ದೇನೆ. ಎರಡೂ ಕಡೆ ಜಾಸ್ತಿ ಕೇಳಿದ್ದು ಇದೇ ಪ್ರಶ್ನೆ.

ಬ್ರಿಟಿಷರ ಒಳ್ಳೆಯತನದಿಂದ ಶುರು ಮಾಡೋಣ. ನಮ್ಮ ಕಡೆಯ ಮಕ್ಕಳಂತೂ ಇದನ್ನು ನಂಬಬಾರದು. 1921ರ ಜುಲೈ 1ರಂದು ಧಾರವಾಡದಲ್ಲಿ ಸಾರಾಯಿ ಅಂಗಡಿ ಮುಂದೆ ಪಿಕೆಟಿಂಗ್ ನಡೆದಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. 1930ರಲ್ಲಿ ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಹೇರಿದರು. ಮರುವರ್ಷ ಜನವರಿಯಲ್ಲಿ ಅಲ್ಲಿನ ನಾಲ್ವರನ್ನು ಗಲ್ಲಿಗೆ ಹಾಕಿದರು. 1942ರಲ್ಲಿ ಹುಬ್ಬಳ್ಳಿಯಲ್ಲೇ ನಾರಾಯಣ ಡೋಣಿ ಎಂಬ ಶಾಲೆಗೆ ಹೋಗುವ ಹುಡುಗ ಪೊಲೀಸರ ಗುಂಡಿಗೆ ಬಲಿಯಾದ. ನಿಮ್ಮ ವಿದ್ಯಾರ್ಥಿಗಳ ವಯಸ್ಸಿನವನು. ಇದನ್ನು ಒಳ್ಳೆಯತನ ಎನ್ನಲು ಬರುವುದಿಲ್ಲ.

ಹಾಗಾದರೆ ಅವರು ಸೋತಿದ್ದು ಹೇಗೆ? ಇಡೀ ದೇಶಕ್ಕೆ ಇದ್ದ ಐ.ಸಿ.ಎಸ್., ಅಂದರೆ ಆಡಳಿತದ ಮೇಲ್ದರ್ಜೆಯ ಅಧಿಕಾರಿಗಳು, ಸುಮಾರು ಒಂದು ಸಾವಿರ. ಉಳಿದ ಕೆಲಸವೆಲ್ಲ ನಮ್ಮವರದೇ. ಕಂದಾಯ ವಸೂಲಿ ಮಾಡಿದ್ದು ಊರ ಗೌಡ, ಕುಲಕರ್ಣಿ. ಡಂಗುರ ಹೊಡೆದದ್ದು ನಮ್ಮವರು. ಲಾಠಿ ಹಿಡಿದ ಪೇದೆಯೂ ನಮ್ಮವನೇ. ತೇರು ಎಷ್ಟೇ ದೊಡ್ಡದಿರಲಿ, ಹಗ್ಗ ಹಿಡಿದವರು ಕೈಬಿಟ್ಟರೆ ಅದು ನಿಂತ ಜಾಗದಿಂದ ಕದಲುವುದಿಲ್ಲ. ಅಹಿಂಸಾ ಹೋರಾಟದ ಕೆಲಸ ತೇರಿನ ಮೇಲೆ ಕೂತವನ ಮನಸ್ಸು ಕರಗಿಸುವುದಲ್ಲ. ಕರಗಿದರೆ ಒಳ್ಳೆಯದು, ಅಷ್ಟೇ. ಕೆಲಸ ಇರುವುದು ಹಗ್ಗ ಹಿಡಿದವರ ಹತ್ತಿರ.

ಅದಕ್ಕೇ ಅಂಕೋಲಾ, ಸಿದ್ದಾಪುರ, ಹಿರೇಕೆರೂರು ಕಡೆಯ ಕರನಿರಾಕರಣೆ ಸರ್ಕಾರಕ್ಕೆ ಅಷ್ಟು ಬಿಸಿ ಮುಟ್ಟಿಸಿತು. ರೈತರ ಜಮೀನು, ಎತ್ತು, ಪಾತ್ರೆ ಎಲ್ಲ ಜಪ್ತಿಯಾಯಿತು. ಆದರೆ ಜಪ್ತಿ ಮಾಡಿದ ಮಾಲನ್ನು ಕೊಳ್ಳುವವರು ಬೇಕಲ್ಲ? ಸಿದ್ದಾಪುರ ಸೀಮೆಯಲ್ಲಿ ಹಾಗೆ ಕೊಂಡವರ ಮನೆ ಮುಂದೆ ಹೆಣ್ಣುಮಕ್ಕಳು ಉಪವಾಸ ಕೂತರು. ಬೈಗುಳ ಇಲ್ಲ, ಕಲ್ಲು ಇಲ್ಲ. ಅವರು ಕೂತ ಜಾಗ ಗಮನಿಸಿ. ಕಲೆಕ್ಟರ್ ಕಚೇರಿ ಮುಂದಲ್ಲ, ಸರ್ಕಾರಕ್ಕೆ ಕೈಜೋಡಿಸಿದ ಊರವನ ಬಾಗಿಲಲ್ಲಿ.

1930ರ ಏಪ್ರಿಲ್ 23ರ ಪೇಶಾವರವನ್ನೂ ಮಕ್ಕಳಿಗೆ ಹೇಳಿ. ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಗಢ್ವಾಲಿ ಸೈನಿಕರ ಒಂದು ತುಕಡಿ ಒಪ್ಪಲಿಲ್ಲ. ಅವರ ಮುಂದಾಳು ಚಂದ್ರಸಿಂಗ್ ಗಢ್ವಾಲಿ ಅದಕ್ಕಾಗಿ ವರ್ಷಗಟ್ಟಲೆ ಜೈಲಿನಲ್ಲಿ ಕಳೆದರು. ಕೆಲವು ದಿನ ಪೇಶಾವರ ನಗರವೇ ಸರ್ಕಾರದ ಕೈತಪ್ಪಿ ಹೋಗಿತ್ತು. ಜನ ಅಂದು ಬಂದೂಕು ಎತ್ತಿದ್ದರೆ ಆ ಸೈನಿಕರೂ ತಮ್ಮ ಜೀವ ಉಳಿಸಿಕೊಳ್ಳಲು ಗುಂಡು ಹಾರಿಸುತ್ತಿದ್ದರು. ಎದುರಿನ ಸೈನಿಕನಿಗೆ ಯೋಚಿಸಲು ಜಾಗ ಕೊಡುವುದು ಅಹಿಂಸೆಯ ದೊಡ್ಡ ಲಾಭ.

ಇನ್ನು ಹಿಟ್ಲರ್. ಆ ಹುಡುಗಿಗೆ ನಾರ್ವೆಯ ಶಿಕ್ಷಕರ ಕಥೆ ಹೇಳಿ. ನೀವೂ ಶಿಕ್ಷಕಿ, ನಿಮ್ಮ ಬಾಯಲ್ಲಿ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಜರ್ಮನಿ ನಾರ್ವೆಯನ್ನು ಹಿಡಿದಿತ್ತು. 1942ರ ಫೆಬ್ರುವರಿಯಲ್ಲಿ ನಾಜಿಗಳ ಕೈಗೊಂಬೆ ಕ್ವಿಸ್ಲಿಂಗ್ ಒಂದು ಕಾನೂನು ತಂದ. ಶಿಕ್ಷಕರೆಲ್ಲ ಹೊಸ ಸರ್ಕಾರಿ ಸಂಘಕ್ಕೆ ಸೇರಬೇಕು, ಮಕ್ಕಳೆಲ್ಲ ಪಕ್ಷದ ಯುವದಳಕ್ಕೆ ಸೇರಬೇಕು. ಶಿಕ್ಷಕರು ಗುಟ್ಟಾಗಿ ಒಂದೇ ಒಕ್ಕಣೆಯ ಕಾಗದ ಹಂಚಿಕೊಂಡರು. 'ಈ ಸಂಘಕ್ಕೆ ನಾನು ಸೇರಲಾರೆ, ನನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ಮಕ್ಕಳಿಗೆ ಕಲಿಸಲಾರೆ' ಎಂಬ ಅರ್ಥದ ಕಾಗದ. ಕೆಳಗೆ ಅವರವರ ಸಹಿ, ಅವರವರ ಹೆಸರು. ಸಾವಿರಾರು ಶಿಕ್ಷಕರು, ಅಂದರೆ ದೇಶದ ಬಹುಪಾಲು ಶಿಕ್ಷಕರು, ಅದನ್ನು ಅಂಚೆಗೆ ಹಾಕಿದರು. ಸರ್ಕಾರ ಉರುವಲು ಇಲ್ಲ ಎಂಬ ನೆಪ ಹೇಳಿ ಶಾಲೆ ಮುಚ್ಚಿತು. ಪಾಲಕರೂ ಕಾಗದ ಬರೆಯತೊಡಗಿದರು. ಸುಮಾರು 1,100 ಶಿಕ್ಷಕರನ್ನು ಹಿಡಿದರು. ನೂರಾರು ಜನರನ್ನು ಉತ್ತರ ತುದಿಯ ಕಿರ್ಕೆನೆಸ್‌ಗೆ ಸಾಗಿಸಿ ಕೂಲಿ ಕೆಲಸಕ್ಕೆ ಹಚ್ಚಿದರು. ಕೆಲವರು ಅಲ್ಲಿ ಸತ್ತರು. ಇತ್ತ ಉಳಿದ ಶಿಕ್ಷಕರ ಸಂಬಳ ನಿಂತಿತ್ತು, ಜನ ಚಂದಾ ಎತ್ತಿ ಅವರ ಮನೆ ನಡೆಸಿದರು. ಕೊನೆಗೆ ಕ್ವಿಸ್ಲಿಂಗ್ ಒಂದು ಶಾಲೆಗೆ ಹೋಗಿ, ತನ್ನ ಕೆಲಸ ಕೆಡಿಸಿದ್ದು ಶಿಕ್ಷಕರೇ ಎಂದು ಕೂಗಾಡಿದ. ಆ ವರ್ಷ ಮುಗಿಯುವುದರೊಳಗೆ ಶಿಕ್ಷಕರು ಮನೆಗೆ ಬಂದರು. ಶಾಲೆಗಳು ನಾಜಿ ಶಾಲೆಗಳಾಗಲಿಲ್ಲ.

ಇದರಿಂದ ಹಿಟ್ಲರ್ ಸೋತ ಎಂದು ದಯವಿಟ್ಟು ಹೇಳಬೇಡಿ. ಅವನು ಸೋತದ್ದು ಯುದ್ಧದಲ್ಲಿ. ಕೊಲ್ಲಬೇಕೆಂದೇ ಹೊರಟವನಿಗೆ, ತಾನು ಕೊಲ್ಲುವ ಜನರಿಂದ ಯಾವ ಕೆಲಸವೂ ಬೇಕಾಗಿಲ್ಲದಿದ್ದಾಗ, ಆ ಜನರ ಅಸಹಕಾರ ಒಂದೇ ಅವರನ್ನು ಉಳಿಸಲಾರದು. ಯುರೋಪಿನ ಯಹೂದಿಗಳಿಗೆ ಆದದ್ದು ಅದೇ. ನಾರ್ವೆಯಲ್ಲಿ ಕ್ವಿಸ್ಲಿಂಗ್‌ಗೆ ಶಿಕ್ಷಕರು ಬೇಕಾಗಿದ್ದರು. ಪಾಠ ಮಾಡುವವರಿಲ್ಲದೆ ಶಾಲೆ ನಡೆಯುವುದಿಲ್ಲ. ಆಳುವವನಿಗೆ ನಿಮ್ಮಿಂದ ಏನು ಬೇಕು ಅನ್ನುವುದೇ ಇಲ್ಲಿ ಮುಖ್ಯ. ಅವನು ಒಳ್ಳೆಯವನೋ ಕೆಟ್ಟವನೋ ಅನ್ನುವುದು ಆಮೇಲಿನ ಮಾತು.

ಈ ವಿಷಯದಲ್ಲಿ ಲೆಕ್ಕವೂ ಇದೆ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ಇಬ್ಬರು ಸಂಶೋಧಕರು 1900ರಿಂದ 2006ರವರೆಗಿನ 323 ಹೋರಾಟಗಳನ್ನು ಹೋಲಿಸಿದರು. ಅಹಿಂಸಾ ಹೋರಾಟಗಳಲ್ಲಿ ಶೇ. 53 ಗೆದ್ದಿದ್ದವು. ಸಶಸ್ತ್ರ ಹೋರಾಟಗಳಲ್ಲಿ ಗೆದ್ದದ್ದು ಶೇ. 26. ಮೊಬೈಲಿನಲ್ಲಿ ಓಡಾಡುವ ಇನ್ನೊಂದು ಮಾತಿದೆ, 'ಶೇ. 3.5 ಜನ ಬೀದಿಗೆ ಬಂದರೆ ಯಾವ ಸರ್ಕಾರವೂ ಉಳಿಯುವುದಿಲ್ಲ' ಅಂತ. ಅದು ಹಳೆಯ ಹೋರಾಟಗಳಲ್ಲಿ ಕಂಡ ಸಂಗತಿಯೇ ಹೊರತು ಗ್ಯಾರಂಟಿ ಅಲ್ಲ. 2011ರಲ್ಲಿ ಬಹ್ರೈನ್‌ನಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಪಾಲು ಜನ ಬೀದಿಗೆ ಬಂದರು, ಆದರೂ ಸೋತರು. ಅಲ್ಲಿನ ಭದ್ರತಾ ಪಡೆಗಳಲ್ಲಿ ಹೊರದೇಶಗಳಿಂದ ಭರ್ತಿಯಾದವರು ಬಹಳ. ಮೇಲೆ ಸೌದಿ ಪಡೆ ಸೇತುವೆ ದಾಟಿ ಬಂತು. ಜನರಿಗೂ ಬಂದೂಕು ಹಿಡಿದವನಿಗೂ ಮಧ್ಯೆ ಊರು, ನೆಂಟಸ್ತಿಕೆ, ಋಣ ಯಾವುದೂ ಇರಲಿಲ್ಲ.

ಈಚಿನ ವರ್ಷಗಳ ಸುದ್ದಿ ಇನ್ನೂ ಕಹಿ. 2010ರ ನಂತರದ ಹತ್ತು ವರ್ಷಗಳಲ್ಲಿ ಅಹಿಂಸಾ ಹೋರಾಟಗಳ ಗೆಲುವು ಸುಮಾರು ಮೂರರಲ್ಲಿ ಒಂದಕ್ಕೆ ಇಳಿದಿದೆ. ಸರ್ವಾಧಿಕಾರಿಗಳೂ ಕಲಿಯುತ್ತಿದ್ದಾರೆ. ಫೋನ್ ಕದ್ದು ಕೇಳುತ್ತಾರೆ, ಇಂಟರ್ನೆಟ್ ಕಡಿಯುತ್ತಾರೆ, ಮೆರವಣಿಗೆಯೊಳಗೆ ತಮ್ಮವರನ್ನೇ ಕಳಿಸಿ ಕಲ್ಲು ತೂರಿಸುತ್ತಾರೆ. ಹೋರಾಟಗಾರರ ಕಡೆಯೂ ತಪ್ಪಿದೆ. ವಾಟ್ಸಾಪಿನಲ್ಲಿ ಒಂದೇ ರಾತ್ರಿ ಲಕ್ಷ ಜನ ಸೇರುತ್ತಾರೆ, ನಾಳೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಸಶಸ್ತ್ರ ಹೋರಾಟಗಳ ಗೆಲುವು ಇದೇ ಅವಧಿಯಲ್ಲಿ ಹತ್ತರಲ್ಲಿ ಒಂದಕ್ಕಿಂತಲೂ ಕೆಳಗೆ ಹೋಗಿದೆ. ಆ ಸಂಖ್ಯೆಯನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ಮಾತಾಡಬೇಕು.

ಈಗ ಮಹದೇವಪ್ಪನವರ ಬಗ್ಗೆ. ನಿಮ್ಮ ಹುಡುಗನ ಪ್ರಶ್ನೆಯನ್ನು ಹಾರಿಸಿ ಹೋಗಬೇಡಿ, ಎಷ್ಟೋ ಪಂಡಿತರು ಹಾರಿಸಿ ಹೋಗಿದ್ದಾರೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಈ ಹುಡುಗ, ಇನ್ನೂ ಇಪ್ಪತ್ತು ತುಂಬದವನು, 1930ರಲ್ಲಿ ಗಾಂಧಿಯವರ ಜೊತೆ ಸಾಬರಮತಿಯಿಂದ ದಂಡಿಯವರೆಗೆ ನಡೆದ. ಆ ತಂಡದಲ್ಲಿ ಕರ್ನಾಟಕದಿಂದ ಹೋದವನು ಅವನೊಬ್ಬನೇ. ಜೈಲು ಕಂಡ. ಬಂದ ಮೇಲೆ ಕೊರಡೂರಿನಲ್ಲಿ ಆಶ್ರಮ ಕಟ್ಟಿ ಹಳ್ಳಿ ಕೆಲಸಕ್ಕೆ ಇಳಿದ. ಹೆಂಡತಿ ಸಿದ್ದಮ್ಮನವರೂ ಜೈಲಿಗೆ ಹೋದರು. 1942ರ ಆಗಸ್ಟ್ 9ರಂದು ಗಾಂಧಿ ಮತ್ತು ದೊಡ್ಡ ನಾಯಕರೆಲ್ಲ ಒಂದೇ ಬೆಳಗ್ಗೆ ಬಂಧನವಾದರು. ಮುಂದೇನು ಎಂದು ಹೇಳುವವರೇ ಇಲ್ಲ. ಹಾವೇರಿ ಕಡೆಯ ಹುಡುಗರು ಭೂಗತರಾದರು. ಚಾವಡಿ, ರೈಲು ನಿಲ್ದಾಣಗಳಿಗೆ ಬೆಂಕಿ ಬಿತ್ತು, ಕಂದಾಯದ ಹಣ ಲೂಟಿಯಾಯಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ಇಟ್ಟಿದ್ದ ಜಾಗಕ್ಕೆ ನುಗ್ಗಿದಾಗ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಗುಂಡಿಗೆ ಬಲಿಯಾದರು.

ಅವರು ಅಹಿಂಸೆ ಬಿಟ್ಟರೇ? ಅವರ ಹೋರಾಟ ಸರ್ಕಾರದ ಆಸ್ತಿಯ ಮೇಲೆ, ಕಂದಾಯದ ಮೇಲೆ. ಜನರನ್ನು ಕೊಲ್ಲುವುದು ಅವರ ದಾರಿ ಆಗಿರಲಿಲ್ಲ. ತಂತಿ ಕಡಿಯುವುದು, ಚಾವಡಿ ಸುಡುವುದು ಹಿಂಸೆಯೇ ಅಲ್ಲವೇ ಎಂಬ ಜಗಳ ಆಗಲೂ ಇತ್ತು, ಈಗಲೂ ಇದೆ. ಗಾಂಧಿಯವರಿಗೆ ಗುಟ್ಟಿನ ಕೆಲಸ ಸೇರುತ್ತಿರಲಿಲ್ಲ. 1944ರಲ್ಲಿ ಬಿಡುಗಡೆಯಾಗಿ ಬಂದ ಮೇಲೆ ಭೂಗತರಾದವರು ಹೊರಗೆ ಬರಲಿ ಎಂದೇ ಹೇಳಿದರು. ನನ್ನ ಅಭಿಪ್ರಾಯ ಕೇಳಿದರೆ, ಆ ಮೂವರ ತ್ಯಾಗಕ್ಕೆ ನಾನು ತಲೆ ಬಾಗುತ್ತೇನೆ. ಆದರೆ ಅವರ ಪದ್ಧತಿಯಲ್ಲಿ ಒಂದು ಕೊರತೆ ಇತ್ತು. ಗುಟ್ಟಿನ ಹೋರಾಟಕ್ಕೆ ಗಟ್ಟಿಮುಟ್ಟಾದ, ಹೆಂಡತಿ ಮಕ್ಕಳನ್ನು ಬಿಟ್ಟು ಹೊಲ, ಗುಡ್ಡದಲ್ಲಿ ಮಲಗಬಲ್ಲ ಹುಡುಗರು ಮಾತ್ರ ಬರಬಲ್ಲರು. ಎಪ್ಪತ್ತು ದಾಟಿದ ಅಜ್ಜಿ, ಬಾಣಂತಿ, ಕುಂಟುವ ಮುದುಕ, ಸಂಬಳದ ಕಾರಕೂನ ಬರಲಾರರು. ಇವರು ಬಾರದ ಹೋರಾಟ ಸಣ್ಣದಾಗುತ್ತದೆ, ಸಣ್ಣದನ್ನು ಸುತ್ತುವರಿಯುವುದು ಪೊಲೀಸರಿಗೆ ಸುಲಭ. ಇಷ್ಟನ್ನು ಆ ಹುಡುಗನಿಗೆ ಬಿಚ್ಚಿ ಹೇಳಿ. ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳಿಗೆ ಇದು ಅರ್ಥವಾಗುತ್ತದೆ.

ಎಲ್ಲರೂ ಬರಬಲ್ಲ ಹೋರಾಟ ಹೇಗಿರುತ್ತದೆ ಎಂದು ತೋರಿಸಲು ದೂರ ಹೋಗಬೇಕಾಗಿಲ್ಲ. ಹಾನಗಲ್ಲ ತಾಲೂಕಿನ ಕುಸನೂರು ಇದೆ. 1980ರ ದಶಕದಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿದವು. ಹಳ್ಳಿಗಳ ಗಾಯರಾಣ (ಗೋಮಾಳ), ಬೆಟ್ಟ, ಹುಲ್ಲುಗಾವಲು ಎಲ್ಲ ಸೇರಿ 30,000 ಹೆಕ್ಟೇರಿನಲ್ಲಿ ನೀಲಗಿರಿ ಬೆಳೆಸುವ ಯೋಜನೆ. ದನ ಮೇಯಲು ಜಾಗ ಇಲ್ಲ, ಉರುವಲಿಲ್ಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮತ್ತು ಊರ ಜನ ಸೇರಿ 1987ರ ನವೆಂಬರ್ 14ರಂದು 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಮಾಡಿದರು. ದಿನ ಮೊದಲೇ ಸಾರಿದ್ದರು, ಗುಟ್ಟು ಏನೂ ಇಲ್ಲ. ಪೊಲೀಸರು ನೋಡುತ್ತಿರುವಾಗಲೇ ನೂರರಷ್ಟು ನೀಲಗಿರಿ ಸಸಿ ಕಿತ್ತರು. ಕಿತ್ತ ಜಾಗ ಖಾಲಿ ಬಿಡಲಿಲ್ಲ. ಹಣ್ಣಿನ ಗಿಡ, ಮೇವಿನ ಗಿಡ ಹಚ್ಚಿದರು. ಎಲ್ಲಾ ಸಸಿ ಕೀಳಬಹುದಿತ್ತು, ಸಿಟ್ಟೂ ಅಷ್ಟಿತ್ತು. ಕೀಳಲಿಲ್ಲ. ನೋಡಿದವರಿಗೆ 'ಇವರು ಹಾಳು ಮಾಡುವವರಲ್ಲ, ಬೆಳೆಸುವವರು' ಎಂದು ಮಾತಿಲ್ಲದೆ ಗೊತ್ತಾಯಿತು. ಇತ್ತ ಸುಪ್ರೀಂ ಕೋರ್ಟಿನಲ್ಲಿ ಕೇಸೂ ನಡೆಯಿತು, ಶಿವರಾಮ ಕಾರಂತರೂ ಅರ್ಜಿದಾರರಲ್ಲಿ ಒಬ್ಬರು. 1991ರಲ್ಲಿ ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯನ್ನೇ ಮುಚ್ಚಲು ಒಪ್ಪಿತು. ಇಲ್ಲಿ ಕೋರ್ಟು, ಪತ್ರಿಕೆ, ಚುನಾವಣೆ ಎಲ್ಲ ಇದ್ದವು. ಸರ್ವಾಧಿಕಾರದ ದೇಶದಲ್ಲಿ ಈ ಆಸರೆ ಇರುವುದಿಲ್ಲ. ಆ ವ್ಯತ್ಯಾಸವನ್ನೂ ಮಕ್ಕಳಿಗೆ ಹೇಳಿ.

ನಮ್ಮ ಕಡೆಯವರು ಕೂಡಲೇ ಕೇಳುತ್ತಾರೆ, 'ನರಗುಂದ, ನವಲಗುಂದದಲ್ಲಿ 1980ರ ಜುಲೈ 21ರಂದು ರೈತರು ಸಿಟ್ಟಿಗೆದ್ದಿದ್ದಕ್ಕೇ ಸರ್ಕಾರ ಬಿತ್ತಲ್ಲ?' ಆ ದಿನ ರೈತರೂ ಸತ್ತರು, ಪೊಲೀಸರೂ ಸತ್ತರು. ಮಲಪ್ರಭೆ ನೀರೇ ಸರಿಯಾಗಿ ಬಾರದ ಹೊಲಕ್ಕೆ ಕರ ಹೇರಿದ ಅನ್ಯಾಯ ದೊಡ್ಡದು. ಆದರೆ ಗುಂಡೂರಾವ್ ಸರ್ಕಾರ ಬಿದ್ದದ್ದು 1983ರ ಚುನಾವಣೆಯಲ್ಲಿ. ಮಧ್ಯದ ಎರಡೂವರೆ ವರ್ಷ ಹಳ್ಳಿ ಹಳ್ಳಿ ತಿರುಗಿ ರೈತ ಸಂಘ ಕಟ್ಟಿದ್ದು, ಜಾಥಾ, ಸಭೆ ನಡೆಸಿದ್ದು ಯಾರಿಗೂ ನೆನಪಿರುವುದಿಲ್ಲ. ಗೋಲಿಬಾರ್ ಮಾತ್ರ ನೆನಪಿರುತ್ತದೆ.

ಇನ್ನು ಶಿಸ್ತು. ಅಹಿಂಸೆ ಎಂದರೆ ಸಾಧು ಸ್ವಭಾವ, ಹುಟ್ಟಿನಿಂದ ಬರಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ಅದು ಕಲಿತು ಬರುವ ಕೆಲಸ. ಶಿಬಿರದಲ್ಲಿ ನಾವು ಅರ್ಧ ಜನರನ್ನು ನೆಲದ ಮೇಲೆ ಕೂರಿಸುತ್ತೇವೆ, ಅರ್ಧ ಜನರಿಗೆ ಪೊಲೀಸ್ ಪಾತ್ರ ಕೊಡುತ್ತೇವೆ. ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ 'ಪೊಲೀಸ್' ಆದವನು ತಾಯಿಯ ಹೆಸರು ಹಿಡಿದು ಬೈಯುತ್ತಾನೆ, ರಟ್ಟೆ ಹಿಡಿದು ಎಳೆಯುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಕೂತವರಲ್ಲಿ ಒಬ್ಬ ನಿಜವಾಗಿಯೇ ಮುಷ್ಟಿ ಬಿಗಿಯುತ್ತಾನೆ. ಅಲ್ಲಿಗೆ ಆಟ ನಿಲ್ಲಿಸಿ, ಪಕ್ಕದವಳಿಗೆ ಕೇಳುತ್ತೇವೆ, "ಇವನ ಕೈ ನಡುಗಿದ್ದು ನಿಮಗೆ ಗೊತ್ತಾಯಿತಾ? ಏನು ಮಾಡಿದಿರಿ?" ಎರಡನೇ ಸಲ ಆಕೆ ಅವನ ಕೈ ಹಿಡಿದುಕೊಂಡು ಕೂರುತ್ತಾಳೆ. ಮೂರನೇ ಸಲ ಎಲ್ಲರೂ ತೋಳಿಗೆ ತೋಳು ಹೆಣೆದು, ತಲೆ ತಗ್ಗಿಸಿ, ಹಾಡು ಶುರು ಮಾಡುತ್ತಾರೆ. ಪೊಲೀಸ್ ಪಾತ್ರದವನಿಗೆ ಎಳೆಯಲು ಮನಸ್ಸೇ ಬರುವುದಿಲ್ಲ. ಇಷ್ಟನ್ನು ಮಾಡದೆ ಜನರನ್ನು ಲಾಠಿಯ ಮುಂದೆ ನಿಲ್ಲಿಸುವುದು ಅನ್ಯಾಯ ಎಂದೇ ನಾನು ನಂಬಿದ್ದೇನೆ.

ಹುಬ್ಬಳ್ಳಿಗೆ ಇದು ಹೊಸದಲ್ಲ. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಎಷ್ಟೋ ಜನ ಜೈಲಿನ ಕಾಟ ತಾಳದೆ ಕ್ಷಮಾಪಣೆ ಬರೆದುಕೊಟ್ಟು ಹೊರಗೆ ಬಂದರು. ಡಾ. ನಾ. ಸು. ಹರ್ಡೀಕರರ ಹುಬ್ಬಳ್ಳಿ ಸೇವಾ ಮಂಡಳದ ಹುಡುಗರು ಬರೆದುಕೊಡಲಿಲ್ಲ. ಅವರು ಶಿಸ್ತು ಕಲಿತು ಹೋಗಿದ್ದರು. ಅದನ್ನು ನೋಡಿಯೇ ದೇಶಕ್ಕೆಲ್ಲ ಇಂಥ ತರಬೇತಿ ಬೇಕು ಎಂದು ಹಿಂದುಸ್ತಾನಿ ಸೇವಾ ದಳ ಹುಟ್ಟಿತು. ಅದರ ಮಹಿಳಾ ವಿಭಾಗ ನೋಡಿಕೊಂಡವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ನಿಮ್ಮ ಊರಿನ ಪಾಠ ಇದು, ತರಗತಿಯಲ್ಲಿ ಹೇಳದೇ ಬಿಡಬೇಡಿ.

ಪೋಲೆಂಡಿನ ಗ್ಡಾನ್ಸ್ಕ್ ಹಡಗುಕಟ್ಟೆಯವರೂ ಹೀಗೇ ಕಲಿತವರು. 1970ರಲ್ಲಿ ಅವರು ಮೆರವಣಿಗೆ ಮಾಡಿ ಬೀದಿಗೆ ಬಂದಿದ್ದರು. ಆಳುವ ಕಮ್ಯುನಿಸ್ಟ್ ಪಕ್ಷದ ಕಚೇರಿಗೆ ಬೆಂಕಿ ಬಿತ್ತು, ಸೈನ್ಯ ಗುಂಡು ಹಾರಿಸಿತು, ಆ ಕರಾವಳಿಯಲ್ಲಿ ಹತ್ತಾರು ಜನ ಸತ್ತರು. 1980ರ ಆಗಸ್ಟಿನಲ್ಲಿ ಕ್ರೇನ್ ನಡೆಸುವ ಅನ್ನಾ ವಾಲೆಂಟಿನೋವಿಚ್ ಎಂಬ ಹೆಂಗಸನ್ನು ಕೆಲಸದಿಂದ ತೆಗೆದಾಗ ಮತ್ತೆ ಮುಷ್ಕರ ಹೂಡಿದರು. ಈ ಸಲ ಹೊರಗೇ ಬರಲಿಲ್ಲ. ಗೇಟು ಹಾಕಿಕೊಂಡು ಒಳಗೇ ಕೂತರು. ಕುಡಿತ ಬಂದ್ ಎಂದು ತಾವೇ ನಿಯಮ ಮಾಡಿಕೊಂಡರು. ಸರ್ಕಾರದ ಜೊತೆ ಮಾತುಕತೆಯನ್ನು ಧ್ವನಿವರ್ಧಕದಲ್ಲಿ ಎಲ್ಲರಿಗೂ ಕೇಳಿಸಿದರು. ತಮ್ಮ ಸಂಬಳ ಏರಿದ ಕೂಡಲೇ ಗಂಡಸರು ಮನೆಗೆ ಹೊರಟಾಗ, ಅನ್ನಾ, ನರ್ಸ್ ಅಲಿನಾ ಪಿಯೆಂಕೋವ್ಸ್ಕಾ ಮುಂತಾದ ಹೆಂಗಸರು ಗೇಟಿನಲ್ಲಿ ತಡೆದು, ಸಣ್ಣ ಕಾರ್ಖಾನೆಗಳವರ ಗತಿ ಏನು ಎಂದು ಕೇಳಿ ನಿಲ್ಲಿಸಿದರು. ಆ ಮುಷ್ಕರದಿಂದ ಹುಟ್ಟಿದ ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘಕ್ಕೆ ಒಂದು ಕೋಟಿ ಜನ ಸೇರಿದರು. 1981ರ ಡಿಸೆಂಬರ್ 13ರಂದು ಸೇನಾಡಳಿತ ಬಂತು, ಸಾವಿರಾರು ಜನ ಜೈಲಿಗೆ ಹೋದರು. ಎಲ್ಲ ಮುಗಿಯಿತು ಎಂದು ಜಗತ್ತು ತಿಳಿಯಿತು. ಅವರು ಕದ್ದುಮುಚ್ಚಿ ಪತ್ರಿಕೆ ಅಚ್ಚು ಹಾಕುತ್ತಾ, ಜೈಲಿಗೆ ಹೋದವರ ಮನೆಗೆ ದುಡ್ಡು ಮುಟ್ಟಿಸುತ್ತಾ ಏಳು ವರ್ಷ ಕಾದರು. 1989ರ ಜೂನ್ 4ರಂದು ಶುರುವಾಗಿ ಎರಡು ಸುತ್ತಿನಲ್ಲಿ ನಡೆದ ಚುನಾವಣೆಯಲ್ಲಿ ಸೆನೆಟ್‌ನ 100 ಸ್ಥಾನಗಳಲ್ಲಿ 99 ಗೆದ್ದರು. ಮೊದಲ ಸುತ್ತು ನಡೆದ ದಿನವೇ ಬೀಜಿಂಗ್‌ನಲ್ಲಿ ಟ್ಯಾಂಕುಗಳು ವಿದ್ಯಾರ್ಥಿಗಳನ್ನು ಹೊಸಕಿ ಹಾಕಿದ್ದವು.

ನಿಮ್ಮ ಮಹಡಿ ಮೇಲಿನ ಹುಡುಗನಿಗೆ ಯಾರು ಸರಿ ಎಂದು ತೀರ್ಪು ಹೇಳಬೇಡಿ. ನನಗೂ ಆ ಅಧಿಕಾರ ಇಲ್ಲ. ಗೆಳೆಯರನ್ನು ಕಳೆದುಕೊಂಡವನಿಗೆ ಧಾರವಾಡದಿಂದ ಉಪದೇಶ ಮಾಡುವುದು ತರವಲ್ಲ. ಯಾವ ದಾರಿಗೆ ಯಾವ ಅಪಾಯ ಎಂದು ಅವನ ಜೊತೆ ಕೂತು ಮಾತಾಡಬಹುದು, ಅಷ್ಟೇ.

ಬೀದಿಯಲ್ಲಿ ದೊಡ್ಡ ಗುಂಪು ಸೇರುವುದು ಕಣ್ಣಿಗೆ ಕಾಣುವ ದಾರಿ, ಅತಿ ಅಪಾಯದ ದಾರಿಯೂ ಅದೇ. ಸೂಡಾನಿನಲ್ಲಿ 2019ರ ಜೂನ್ 3ರಂದು ಧರಣಿ ಕೂತ ನೂರಕ್ಕೂ ಜಾಸ್ತಿ ಜನರನ್ನು ಭದ್ರತಾ ಪಡೆಗಳು ಕೊಂದವು. ಅದರ ಮುಂದಿನ ವಾರ ಜನ ಬೀದಿ ಬಿಟ್ಟು ಮನೆಯಲ್ಲೇ ಕೂತು ಇಡೀ ದೇಶ ಬಂದ್ ಮಾಡಿದರು. ಮನೆಯಲ್ಲಿ ಕೂತವನಿಗೆ ಗುಂಡು ಹೊಡೆಯುವುದು ಕಷ್ಟ. ಪಿನೋಚೆಯ ಸೇನಾಡಳಿತ ಇದ್ದ ಚಿಲಿಯಲ್ಲಿ 1983ರಲ್ಲಿ ತಾಮ್ರದ ಗಣಿಯವರು ಮುಷ್ಕರ ಎಂದಾಗ ಸೈನ್ಯ ಗಣಿಗಳನ್ನು ಸುತ್ತುವರಿಯಿತು. ಅವರು ಹಟ ಹಿಡಿಯಲಿಲ್ಲ, ಕರೆಯನ್ನೇ ಬದಲಿಸಿದರು. ಮೇ 11ರಂದು ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಗಾಡಿ ನಿಧಾನ ಓಡಿಸಿ, ರಾತ್ರಿ ಎಂಟಕ್ಕೆ ಪಾತ್ರೆ ಬಡಿಯಿರಿ. ಸಾಂಟಿಯಾಗೋ ನಗರವೆಲ್ಲ ಪಾತ್ರೆ ಸದ್ದು. ಹತ್ತು ವರ್ಷದಿಂದ ಪಕ್ಕದ ಮನೆಯವನಿಗೂ ಹೆದರುತ್ತಿದ್ದ ಜನರಿಗೆ, ಪಕ್ಕದ ಮನೆಯವನೂ ತಮ್ಮ ಹಾಗೇ ಎಂದು ಅವತ್ತು ಗೊತ್ತಾಯಿತು. ಐದು ವರ್ಷದ ನಂತರ, 1988ರ ಅಕ್ಟೋಬರ್ 5ರಂದು, ಪಿನೋಚೆ ತಾನೇ ಕರೆದ ಮತದಾನದಲ್ಲಿ ಸೋತ. ವಿರೋಧಿಗಳು ಮತಗಟ್ಟೆ ಮತಗಟ್ಟೆಯ ಲೆಕ್ಕ ತಾವೇ ಇಟ್ಟಿದ್ದರು, ಹಾಗಾಗಿ ಅವನಿಗೆ ಸುಳ್ಳು ಹೇಳಲು ಆಗಲಿಲ್ಲ.

ಮುಷ್ಕರದ ದಾರಿಯಲ್ಲಿ ಜೀವದ ಅಪಾಯ ಕಡಿಮೆ, ಹೊಟ್ಟೆಯ ಅಪಾಯ ಜಾಸ್ತಿ. 2021ರ ಫೆಬ್ರುವರಿ 1ರ ಸೇನಾ ದಂಗೆಯ ನಂತರ ಮ್ಯಾನ್ಮಾರಿನಲ್ಲಿ ವೈದ್ಯರು, ಶಿಕ್ಷಕರು, ರೈಲ್ವೆಯವರು ಕೆಲಸ ಬಿಟ್ಟರು. ರೈಲ್ವೆಯವರನ್ನು ಕ್ವಾರ್ಟರ್ಸಿನಿಂದಲೇ ಹೊರಗೆ ಹಾಕಿದರು. ಅಲ್ಲಿನ ಸೇನೆಗೆ ತನ್ನದೇ ಕಂಪನಿಗಳಿವೆ, ತನ್ನದೇ ಆಸ್ಪತ್ರೆ, ಶಾಲೆಗಳಿವೆ, ಗ್ಯಾಸ್ ಮತ್ತು ಹರಳಿನ ಹಣ ಇದೆ. ಜನರ ಸಹಕಾರ ಇಲ್ಲದೆಯೂ ಅದು ಬಹಳ ದಿನ ತಾಳಬಲ್ಲದು. ಇಂಥ ಕಡೆ ಮುಷ್ಕರಕ್ಕೆ ಮೊದಲು ನಿಧಿ ಕೂಡಿಸಬೇಕು, ಸೇನೆಗೆ ಹೊರಗಿನಿಂದ ಬರುವ ಹಣದ ದಾರಿ ಹುಡುಕಬೇಕು. ಹೊರದೇಶದಲ್ಲಿರುವ ಇವನಂಥವರು ನಿಜವಾಗಿ ಉಪಯೋಗಕ್ಕೆ ಬರುವುದು ಅಲ್ಲಿ.

ಬಂದೂಕಿನ ದಾರಿಯನ್ನು ಅವನ ಗೆಳೆಯರು ಹೇಡಿತನದಿಂದ ಹಿಡಿದಿಲ್ಲ, ಮೂರ್ಖತನದಿಂದಲೂ ಅಲ್ಲ. ಅದು ಗೆಲ್ಲುವುದೇ ಇಲ್ಲ ಎಂದೂ ಹೇಳಲಾರೆ. ಸಿರಿಯಾದ ಅಸಾದ್ 2024ರ ಡಿಸೆಂಬರ್ 8ರಂದು ಓಡಿಹೋದದ್ದು ಸಶಸ್ತ್ರ ಪಡೆಗಳ ಮುಂದೆಯೇ. ಆದರೆ ಅಷ್ಟು ಹೊತ್ತಿಗೆ ಯುದ್ಧಕ್ಕೆ ಹದಿಮೂರು ವರ್ಷ, ಲಕ್ಷಗಟ್ಟಲೆ ಹೆಣ, ದೇಶದ ಅರ್ಧಕ್ಕಿಂತ ಜಾಸ್ತಿ ಜನ ಮನೆಮಠ ಬಿಟ್ಟಿದ್ದರು. ಬಂದೂಕು ಹಿಡಿದ ಮೇಲೆ ಬಂದೂಕು ಕೊಡುವವನ ಮಾತು ಕೇಳಬೇಕಾಗುತ್ತದೆ. ಗೆದ್ದ ಮೇಲೆ ಕುರ್ಚಿಯೂ ಬಂದೂಕು ಜಾಸ್ತಿ ಇದ್ದವನಿಗೇ. ಇನ್ನೂ ಒಂದು ತೊಂದರೆ, ಊರಲ್ಲಿ ಉಳಿದು ಮುಷ್ಕರ ಮಾಡುವ ಗೆಳೆಯರನ್ನೂ ಸೇನೆ ಸಶಸ್ತ್ರರೆಂದೇ ಕಾಣುತ್ತದೆ. ಎರಡನ್ನೂ ಒಟ್ಟಿಗೆ ನಡೆಸಿದರೆ ಬಲ ಹೆಚ್ಚುತ್ತದೆ ಎಂದು ಹುಡುಗರು ವಾದಿಸುತ್ತಾರೆ. ನಾನು ಓದಿದ್ದರಲ್ಲಿ ಬಹಳ ಕಡೆ ಅದರಿಂದ ಸಾಮಾನ್ಯ ಜನ ಹಿಂದೆ ಸರಿದಿದ್ದಾರೆ.

ಸರ್ವಾಧಿಕಾರಿ ಬಿದ್ದ ಮಾತ್ರಕ್ಕೆ ಪ್ರಜಾಪ್ರಭುತ್ವ ಬರುವುದಿಲ್ಲ ಎಂಬುದನ್ನೂ ಅವನಿಗೆ ಹೇಳಿ. ಈಜಿಪ್ಟಿನಲ್ಲಿ 2011ರಲ್ಲಿ ಮುಬಾರಕ್ ಹೋದ, 2013ರಲ್ಲಿ ಸೇನೆ ಮತ್ತೆ ಬಂತು. ಸೂಡಾನಿನಲ್ಲಿ 2021ರಲ್ಲಿ ಸೇನಾ ದಂಗೆ, 2023ರಿಂದ ಅಂತರ್ಯುದ್ಧ. ಆದರೂ ಅದೇ ಸೂಡಾನಿನಲ್ಲಿ, 2019ರ ಹೋರಾಟಕ್ಕಾಗಿ ಓಣಿ ಓಣಿಗಳಲ್ಲಿ ಹುಟ್ಟಿದ ಸಮಿತಿಗಳ ಹುಡುಗ ಹುಡುಗಿಯರೇ ಯುದ್ಧದ ನಡುವೆ ಗಂಜಿ ಕೇಂದ್ರ ನಡೆಸುತ್ತಿದ್ದಾರೆ, ಔಷಧ ಹೊಂದಿಸುತ್ತಿದ್ದಾರೆ. ಇವನ ಊರಲ್ಲೂ ಅಂಥ ಕೆಲಸ ಯಾವುದಾದರೂ ನಡೆಯುತ್ತಿದೆಯೇ ಕೇಳಿ. ನಡೆಯುತ್ತಿದ್ದರೆ ಬೆನ್ನು ಕೊಡಬೇಕಾದ್ದು ಮೊದಲು ಅದಕ್ಕೆ. ಎರಡೂ ಬಣದ ಗೆಳೆಯರು ಅದರಲ್ಲಿ ಜಗಳವಿಲ್ಲದೆ ಸೇರಬಹುದು.

ಕೊನೆಯದಾಗಿ ಅವನ ಸುರಕ್ಷತೆ. ಅವನನ್ನು ಶಾಲೆಗೆ ಕರೆಸಿ ಮಕ್ಕಳ ಮುಂದೆ ಮಾತಾಡಿಸುವ ಆಸೆ ನಿಮಗೆ ಬರಬಹುದು, ಒಳ್ಳೆಯ ಆಸೆಯೇ. ಅವನಾಗಿ ಒಪ್ಪಿದರೆ ಮಾತ್ರ ಮಾಡಿ. ಫೋಟೋ ಬೇಡ, ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಹೆಸರು ಬೇಡ, ಸ್ಥಳೀಯ ಪತ್ರಿಕೆಯವರನ್ನು ಕರೆಯುವುದಂತೂ ಬೇಡವೇ ಬೇಡ. ಅವನು ಇಲ್ಲಿ ಆಡಿದ ಮಾತಿಗೆ ಅಲ್ಲಿ ಅವನ ತಂದೆ ತಾಯಿ ಉತ್ತರ ಕೊಡಬೇಕಾಗಬಹುದು. ಊರಿಗೆ ಹಣ ಕಳಿಸುವುದಾದರೆ, ಸಭೆ ಮೆರವಣಿಗೆಗೆ ಹೋಗುವುದಾದರೆ, ವಿದ್ಯಾರ್ಥಿ ವೀಸಾದಲ್ಲಿ ಇರುವವನಿಗೆ ಇಲ್ಲಿನ ಕಾನೂನು ಏನು ಹೇಳುತ್ತದೆ ಎಂದು ಮೊದಲು ಒಬ್ಬ ವಕೀಲರನ್ನು ಕೇಳಲಿ. ಫೋನಿನಲ್ಲಿರುವ ಗೆಳೆಯರ ಹಳೆಯ ಸಂದೇಶ, ಫೋಟೋಗಳನ್ನು ರಜೆಗೆ ಊರಿಗೆ ಹೊರಡುವ ಮುಂಚೆಯೇ ತೆಗೆದುಹಾಕಲಿ, ವಿಮಾನ ನಿಲ್ದಾಣದಲ್ಲಿ ಅಲ್ಲ.